ಹೆರಳೆಯಲ್ಲ, ಕಂಚಿ

ಸುಳ್ಳು ಹೇಳುವ ಚಟ ಇರುವವರನ್ನು ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಸುಳ್ಳು ಹೇಳುವವನು ಬಾಯಿ ತೆರೆಯುವ ಮೊದಲು ಎದುರಿಗಿರುವವರ ಮುಖವನ್ನಾದರೂ ಒಮ್ಮೆ ನೋಡುತ್ತಾನೆ. ಇವರಿಗೆ ಈಗ ಏನು ಕೇಳಬೇಕಾಗಿದೆ ಎಂದು ಯೋಚಿಸುತ್ತಾನೆ. ನಿಜ ಹೇಳುವ ಚಟ ಇರುವವನಲ್ಲಿ ಅಷ್ಟು ಸೌಜನ್ಯವೂ ಇರುವುದಿಲ್ಲ. ಅವನು ನೋಡುವುದು ಪ್ರಶ್ನೆಯನ್ನು ಮಾತ್ರ. ಪ್ರಶ್ನೆ ಬಂತೋ, ಉತ್ತರ ಹೊರಟಿತು. ನಾನು ಈ ಎರಡನೆಯ ಪಂಗಡದವನು ಎಂದು ಹೇಳಿಕೊಳ್ಳಲು ನನಗೆ ಒಂದು ಕಾಲದಲ್ಲಿ ಹೆಮ್ಮೆಯಿತ್ತು. ಈಗ ಇಲ್ಲ. ಜ್ವರದಲ್ಲಿ ನಾಲಗೆಯ ರುಚಿಯನ್ನೇ ಕಳೆದುಕೊಂಡಿದ್ದ ನನ್ನ ಚಿಕ್ಕಮ್ಮ, ನಾನು ಮಾಡಿದ ಸೂಪನ್ನು ಆಸೆಯಿಂದ ಉಣ್ಣುತ್ತಿದ್ದರು. ನಾನು ಒಂದು ನಿಜ ಹೇಳಿದೆ. ಅವರು ಚಮಚ ಕೆಳಗಿಟ್ಟರು. ಆದದ್ದು ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಬಿಟ್ಟರೆ ನನಗೆ ಸಮಾಧಾನವಿಲ್ಲ, ಅದು ನಡೆದ ಕ್ರಮದಲ್ಲೇ, ಏನನ್ನೂ ಸೇರಿಸದೆ ಹೇಳುತ್ತೇನೆ.

ನನ್ನದು ಕೊಪ್ಪದಲ್ಲಿ ಒಂದು ಸಣ್ಣ ಅಚ್ಚಿನ ಅಂಗಡಿ. ಲಗ್ನಪತ್ರಿಕೆ, ಉಪನಯನದ ಪತ್ರಿಕೆ, ಗೃಹಪ್ರವೇಶದ್ದು, ವೈಕುಂಠ ಸಮಾರಾಧನೆಯದ್ದು ಎಲ್ಲ ಅಚ್ಚು ಹಾಕಿಕೊಡುತ್ತೇನೆ. ಹಾಕಿಕೊಡುವುದಕ್ಕಿಂತ ಹೆಚ್ಚಾಗಿ ತಿದ್ದಿಕೊಡುತ್ತೇನೆ. ‘ಅಶೀರ್ವಾದ’ ಎಂದು ಬರೆದು ತಂದವರಿಗೆ ದೀರ್ಘ ಕೊಡಿಸದೆ ಕಳಿಸಿದವನಲ್ಲ. ಒಮ್ಮೆ ಒಬ್ಬರು ತಂದೆಯ ಸಮಾರಾಧನೆಯ ಕಾರ್ಡು ಮಾಡಿಸಲು ಬಂದರು. ‘ನಮ್ಮ ಪೂಜ್ಯ ತಂದೆಯವರು ದೈವಾಧೀನರಾಗಿರುತ್ತಾರೆ’ ಎಂದು ಬರೆದುಕೊಂಡಿದ್ದರು. ಎಲ್ಲರೂ ಬರೆಯುವುದು ಹಾಗೆಯೇ. ನಾನು ಮಾತ್ರ, “ಆಗಿರುತ್ತಾರೆ ಅಂದ್ರೆ ಆಗಾಗ ಆಗ್ತಾ ಇರ್ತಾರೆ ಅಂತ ಅರ್ಥ ಬರ್ತದೆ. ಆದರು ಅಂತ ಹಾಕೋಣ” ಎಂದೆ. ಅವರು ಬರೆದು ತಂದ ಚೀಟಿಯನ್ನು ನನ್ನತ್ತ ದೂಡಿದರು. ಆಮೇಲೆ, “ಹಾಕಿ. ಒಂದೇ ಸಲ ಹೋಗಿದ್ದು ಅವರು” ಎಂದು ಮೇಜಿಗೆ ತಲೆಯಿಟ್ಟು ಅತ್ತರು. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಜಯಂತಿ, “ನಿಮಗೆ ವ್ಯಾಕರಣ ಕಲಿಸಿದ ಮೇಷ್ಟ್ರು ಸಿಕ್ಕಿದ್ರೆ ನಾನೊಂದು ಮಾತು ಕೇಳ್ಬೇಕು” ಎಂದಳು. ಕೇಳುವುದಕ್ಕೆ ಅವರೂ ಈಗ ಇಲ್ಲ. ಅವರೂ ಒಂದೇ ಸಲ ಹೋದರು.

ಈಗೀಗ ಜನ ಪತ್ರಿಕೆಯನ್ನು ವಾಟ್ಸಾಪಿನಲ್ಲೇ ಕಳಿಸಿಬಿಡುವುದರಿಂದ ಅಂಗಡಿಯಲ್ಲಿ ಕೆಲಸ ಕಡಿಮೆ, ಫೋನು ನೋಡುವುದು ಜಾಸ್ತಿ. ಹಾಗೆ ನೋಡುತ್ತಿದ್ದಾಗ ಆ ಸೂಪು ಕಣ್ಣಿಗೆ ಬಿತ್ತು. ಯಾವುದೋ ಏಷ್ಯಾದ ದೇಶದ ಹುಡುಗಿ ಒಂದು ಪಾತ್ರೆಯಲ್ಲಿ ನೀರು ಕುದಿಸುತ್ತಿದ್ದಳು. ಅದಕ್ಕೆ ಏನೋ ಹುಲ್ಲು ಹಾಕಿದಳು, ಶುಂಠಿ ಹಾಕಿದಳು, ಎಲೆ ಹರಿದು ಹಾಕಿದಳು. ಒಲೆ ಆರಿಸಿದ ಮೇಲೆ ಹುಳಿ ಹಣ್ಣೊಂದನ್ನು ಹಿಂಡಿದಳು. ಬಟ್ಟಲಿನಲ್ಲಿ ಬೆಳ್ಳಗಿನ ಅಕ್ಕಿ ನೂಡಲ್ಸ್ ಇಟ್ಟು ಅದರ ಮೇಲೆ ಆ ತಿಳಿನೀರನ್ನು ಹೊಯ್ದಳು. ಎಣ್ಣೆಯಿಲ್ಲ, ತೆಂಗಿನಕಾಯಿಯಿಲ್ಲ, ರುಬ್ಬುವುದಿಲ್ಲ. ಅವಳದು ವಿಯೆಟ್ನಾಮೋ ಥಾಯ್ಲೆಂಡೋ ನನಗೆ ಕೊನೆಗೂ ಖಚಿತವಾಗಲಿಲ್ಲ. ಆದ್ದರಿಂದ ಮನೆಯಲ್ಲಿ ‘ಏಷ್ಯಾದ ಸೂಪು’ ಎಂದಷ್ಟೇ ಹೇಳಿದೆ. “ಕೊಪ್ಪ ಯಾವುದ್ರಲ್ಲಿದೆ ಮತ್ತೆ?” ಎಂದಳು ಜಯಂತಿ. ವಿಡಿಯೋವನ್ನು ಪೂರ್ತಿ ನೋಡಿದ ಮೇಲೆ ಅವಳ ತೀರ್ಪೂ ಬಂತು. “ಇದು ಸಾರು. ಬೇಳೆ ಇಲ್ಲದ್ದು. ಒಗ್ಗರಣೆ ಮರ್ತಿದಾಳೆ.”

ಜಯಂತಿಯ ತವರು ನರಸಿಂಹರಾಜಪುರದ ಹತ್ತಿರದ ಕಡಹಿನಬೈಲು. ಅಲ್ಲಿಗೆ ಹೋಗಿದ್ದಾಗ ನರಸಿಂಹರಾಜಪುರದ ಅಂಗಡಿಯೊಂದರಲ್ಲಿ ನೂಡಲ್ಸ್ ಸಿಕ್ಕಿತು. ಪ್ಯಾಕೆಟ್ಟಿನ ಮೇಲಿದ್ದ ಲಿಪಿ ನನಗೆ ಓದಲು ಬರುವಂಥದ್ದಲ್ಲ. ಓದಲು ಬಾರದ್ದನ್ನು ಕೈಯಲ್ಲಿ ಹಿಡಿದುಕೊಂಡರೆ ನನಗೆ ಒಂದು ಬಗೆಯ ತಳಮಳವಾಗುತ್ತದೆ. “ಇದು ಅಕ್ಕೀದೇ ಹೌದಾ?” ಎಂದು ಕೇಳಿದೆ. ಅಂಗಡಿಯವನು, “ಅಕ್ಕಿ ಅಂತ ಹೇಳಿ ಕೊಟ್ಟಿದಾರೆ ಮಾರಾಯ್ರೆ. ಬೆಳ್ಳಗೂ ಇದೆ. ಇನ್ನೆಂತ ಬೇಕು?” ಎಂದ. ಪಕ್ಕದಲ್ಲಿದ್ದ ಜಯಂತಿ ನನ್ನ ತೋಳು ಎಳೆದುಕೊಂಡು ಹೊರಗೆ ಬಂದಳು. ಆ ಹುಡುಗಿ ಹಾಕಿದ ಹುಲ್ಲು ನಮ್ಮ ಬಚ್ಚಲ ಹಿಂದೆ ಬೆಳೆದಿದ್ದ ಮಜ್ಜಿಗೆ ಹುಲ್ಲೇ. ಕಷಾಯಕ್ಕೆ ನಾವು ದಿನಾ ಕೀಳುವಂಥದ್ದು. ಸೂಜಿಮೆಣಸು ಗಿಡದಲ್ಲಿತ್ತು. ಮೀನಿನಿಂದ ಮಾಡಿದ ಒಂದು ಸಾಸು ಹಾಕಬೇಕೆಂದು ಅವಳು ಹೇಳಿದಳು. ಅಲ್ಲಿ ಮಾತ್ರ ನಾನು ಅವಳ ಜೊತೆ ಹೋಗಲಿಲ್ಲ, ಉಪ್ಪು ಹಾಕಿದೆ. ಉಳಿದದ್ದು ಎಲೆ ಮತ್ತು ಹಣ್ಣು. ಅವಳ ಎಲೆ ವಿಚಿತ್ರವಾಗಿತ್ತು: ಒಂದು ಎಲೆಯ ತುದಿಗೆ ಇನ್ನೊಂದನ್ನು ಅಂಟಿಸಿದ ಹಾಗೆ. ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಕೆರೆದುಕೊಂಡು ಅಡುಗೆಮನೆಯ ಮೂಲೆಗೆ ಹೋದರೆ, ಕಿಗ್ಗದಿಂದ ಚಿಕ್ಕಮ್ಮ ಬಸ್ಸಿನಲ್ಲಿ ಕಳಿಸಿದ ಚೀಲದಲ್ಲಿ, ದೊಡ್ಡ ನಿಂಬೆಯಂಥ ಹುಳಿ ಕಂಚಿಕಾಯಿಗಳ ಜೊತೆ ಟೊಂಗೆಗೆ ಹತ್ತಿಕೊಂಡೇ ಬಂದಿದ್ದ ಎಲೆಗಳು. ಅದೇ ಆಕಾರ. ಅದೇ ಅಂಟಿಸಿದ ಜೋಡಿ ಎಲೆ. ಹರಿದು ಮೂಸಿದರೆ ಅಡುಗೆಮನೆಯಿಡೀ ಘಮ್ಮೆಂದಿತು. ಇಷ್ಟು ದಿನ ನಾವು ಕಾಯಿಯನ್ನು ಉಪ್ಪಿನಕಾಯಿ ಹಾಕಿ ಎಲೆಯನ್ನು ಎಸೆಯುತ್ತಿದ್ದೆವಲ್ಲ ಎಂದು ನನಗೆ ದೊಡ್ಡ ಶೋಧ ಮಾಡಿದಷ್ಟು ಸಂತೋಷವಾಯಿತು. ಮನುಷ್ಯನಿಗೆ ಅಡುಗೆಮನೆಯಲ್ಲಿ ಇಂಥ ಸಂತೋಷ ಬಂದಾಗ ಯಾರಾದರೂ ಹತ್ತಿರ ನಿಂತು ಎಚ್ಚರಿಸಬೇಕು.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಆ ಹೊತ್ತಿನಲ್ಲಿ ನನಗೆ ನೆನಪಾಗಬೇಕಿತ್ತು, ಆಗಲಿಲ್ಲ. ಚಿಕ್ಕಮ್ಮ ಅಂದರೆ ನನ್ನ ತಾಯಿಯ ತಂಗಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಮಗನ ಜೊತೆ ಕಾಶಿ, ಗಯೆಗೆ ಹೋಗಿಬಂದವರು. ತೀರಿಹೋದವರ ಹೆಸರಿನಲ್ಲಿ ಗಯೆಯಲ್ಲಿ ತಮಗೆ ಪ್ರಿಯವಾದ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬರುವ ಪದ್ಧತಿ ನಿಮಗೂ ಗೊತ್ತಿರಬಹುದು. ಬಿಟ್ಟದ್ದನ್ನು ಜೀವ ಇರುವ ತನಕ ಮತ್ತೆ ತಿನ್ನುವಂತಿಲ್ಲ. ಜನ ಇದಕ್ಕೆ ತಯಾರಿ ಮಾಡಿಕೊಂಡೇ ಹೋಗುತ್ತಾರೆ. ಅವರ ಜೊತೆ ಬಸ್ಸಿನಲ್ಲಿ ಬಂದಿದ್ದ ಒಬ್ಬರು ಸ್ಟ್ರಾಬೆರಿ ಬಿಟ್ಟರಂತೆ. ಅದನ್ನು ಅವರು ಐಸ್‌ಕ್ರೀಮಿನ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಇನ್ನೊಬ್ಬರು ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಬಿಟ್ಟೇ ಇದ್ದರು. ಚಿಕ್ಕಮ್ಮನ ಸರದಿ ಬಂದಾಗ ಅವರು “ಕಂಚಿಕಾಯಿ” ಎಂದರು. ಮಗ ಗಾಬರಿಯಾಗಿ, “ಅಮ್ಮಾ, ಬೇರೆ ಎಂತಾದ್ರೂ ಹೇಳು” ಎಂದು ಕಿವಿಯಲ್ಲಿ ಹೇಳಿದನಂತೆ. ಚಿಕ್ಕಮ್ಮನಿಗೆ ಕಂಚಿ ಎಂದರೆ ಪ್ರಾಣ. ಕಂಚಿಯ ಉಪ್ಪಿನಕಾಯಿ, ಕಂಚಿಯ ಗೊಜ್ಜು, ಮಜ್ಜಿಗೆ ಅನ್ನಕ್ಕೆ ಕಂಚಿಯ ಹೋಳು, ಏನೂ ಇಲ್ಲದಿದ್ದರೆ ಸಿಪ್ಪೆಗೆ ಉಪ್ಪು ಸವರಿಕೊಂಡು ಜಗಿಯುತ್ತ ಅಡಿಕೆ ಸುಲಿಯಲು ಕೂತವರು. ಮಗನಿಗೆ ಅವರು ಹೇಳಿದ್ದು ನಮ್ಮ ಬಳಗದಲ್ಲಿ ಈಗಲೂ ಓಡಾಡುವ ಮಾತು: “ತಿನ್ನದ್ದನ್ನು ಬಿಡಕ್ಕೆ ಇಷ್ಟು ದೂರ ಬರ್ಬೇಕಿತ್ತನಾ?”

ಅಲ್ಲಿಂದ ಬಂದ ಮೇಲೆ ಅವರು ಅದನ್ನು ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದರೆ ತಪ್ಪಾಗುತ್ತದೆ, ಮುಟ್ಟುತ್ತಾರೆ, ತಿನ್ನುವುದಿಲ್ಲ. ಹಿತ್ತಲಿನ ಮರ ಪ್ರತಿ ವರ್ಷ ಬಿಡುತ್ತದೆ. ಅವರೇ ನಿಂತು ಕೊಯ್ಯಿಸುತ್ತಾರೆ, ಅವರೇ ಹೆಚ್ಚಿ ಉಪ್ಪು ಬೆರೆಸುತ್ತಾರೆ, ನೆಂಟರಿಗೆಲ್ಲ ಹಂಚುತ್ತಾರೆ. ಉಪ್ಪು ಸರಿಯಿದೆಯೇ ಎಂದು ನೋಡುವುದು ಸೊಸೆ ವೀಣಾ. ಚಿಕ್ಕಮ್ಮ ಭರಣಿಯ ಬಾಯಿಗೆ ಮೂಗು ಇಟ್ಟು, “ಇನ್ನೊಂದು ಹಿಡಿ ಹಾಕು” ಎನ್ನುತ್ತಾರೆ; ವೀಣಾ ನಾಲಗೆಗೆ ಹಚ್ಚಿ ನೋಡಿದರೆ ಬೇಕಾದದ್ದು ಸರಿಯಾಗಿ ಒಂದು ಹಿಡಿಯೇ. ಕೈಯಾರೆ ಕಳಿಸುವ ಕಾಯಿಯನ್ನು ಕಳಿಸುವವರು ತಿನ್ನುವುದಿಲ್ಲ ಎಂಬುದು ನೋಡಿ, ನೆನಪಿನಲ್ಲಿ ನಿಲ್ಲುವ ಸಂಗತಿಯಲ್ಲ. ನಿಂತಿದ್ದರೂ ಅದು ನನ್ನ ತಲೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ನಿಂತಿತ್ತು. ಫೋನಿನಲ್ಲಿ ಕಂಡ, ಬೇರೆ ದೇಶದ ಹುಡುಗಿಯ ಸೂಪಿನ ಒಳಗೂ ಆ ವ್ರತ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಎಲೆ ಹರಿದು ಹಾಕಿದೆ, ಕಂಚಿ ಹಿಂಡಿದೆ, ಸೂಪು ಆಯಿತು. ಆಗ ಚಿಕ್ಕಮ್ಮ ಬಂದರು. ಬರುವುದು ನಮಗೆ ಗೊತ್ತಿರಲಿಲ್ಲ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಬಂದ ಒಂದು ಜ್ವರ ಅವರನ್ನು ಹಣ್ಣು ಮಾಡಿತ್ತು. ಜ್ವರ ಬಿಟ್ಟರೂ ಬಾಯಿಗೆ ರುಚಿ ಬರಲಿಲ್ಲ. “ಅತ್ತೆ ಎಂತದೂ ತಿಂತಿಲ್ಲ ಭಾವ. ಎರಡು ತುತ್ತು ಉಂಡು ತಟ್ಟೆ ದೂಡ್ತಾರೆ. ಮಣ್ಣು ತಿಂದ ಹಂಗೆ ಆಗ್ತದೆ ಅಂತಾರೆ” ಎಂದು ವೀಣಾ ಫೋನಿನಲ್ಲಿ ಹೇಳುತ್ತಿದ್ದಳು. ಡಾಕ್ಟರು ಗುಳಿಗೆಗಿಂತ ಹೆಚ್ಚಾಗಿ ಊಟವೇ ಮದ್ದು ಎಂದಿದ್ದರು. ಆ ದಿನ ರಕ್ತ ಪರೀಕ್ಷೆಗೆಂದು ಮಗ ಅವರನ್ನು ಕೊಪ್ಪಕ್ಕೆ ಕರೆತಂದವನು, ರಿಪೋರ್ಟು ಸಿಗುವ ತನಕ ಇಲ್ಲಿರಲಿ ಎಂದು ನಮ್ಮ ಮನೆಯಲ್ಲಿ ಬಿಟ್ಟು ಹೋದ. ಚಿಕ್ಕಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಅವರು ಮಾತ್ರ ನನ್ನ ಕೈಯಲ್ಲಿದ್ದ ಸೌಟು ನೋಡಿ, “ಎಂತ ಮಾಣಿ, ಜಯಂತಿ ಬಿಟ್ಟು ಹೋದ್ಲಾ ನಿನ್ನ?” ಎಂದರು. ನನ್ನ ತಲೆಕೂದಲು ಬೆಳ್ಳಗಾದರೂ ಅವರಿಗೆ ನಾನು ಮಾಣಿಯೇ.

ಜಯಂತಿ ಒಳಗಿನಿಂದ ಬಂದು, “ಇವತ್ತು ಇವರದ್ದು ಅಡುಗೆ ಚಿಕ್ಕಮ್ಮ. ನಿಮಗೆ ಬೇಡ. ಒಂಚೂರು ಗಂಜಿ ಮಾಡಿ ಕೊಡ್ತೇನೆ” ಎಂದಳು.

“ಗಂಜಿ ಹೆಸರು ಎತ್ತಬೇಡ ಮಾರಾಯ್ತಿ. ಅದನ್ನ ಕಂಡ್ರೆ ಈಗ ಅಳು ಬರ್ತದೆ. ಅವ ಎಂತ ಮಾಡಿದಾನೆ, ಅದನ್ನೇ ಒಂಚೂರು ಬಡ್ಸು. ಹೆಂಗೂ ನಂಗೆ ರುಚಿ ಗೊತ್ತಾಗೂದಿಲ್ಲ. ಇವನ ಅಡುಗೆ ಉಣ್ಣಕ್ಕೆ ಇದೇ ಸರಿಯಾದ ಟೈಮು.”

ನಾನು ಬಟ್ಟಲಿನಲ್ಲಿ ನೂಡಲ್ಸ್ ಹಾಕಿ ಬಿಸಿ ಸೂಪು ಹೊಯ್ದು ಅವರ ಮುಂದಿಟ್ಟೆ. “ಇದು ಕುಡಿಯೂದಾ, ಉಣ್ಣೂದಾ?” ಎಂದು ಕೇಳಿದರು. ಎರಡೂ ಎಂದೆ. ಅವರು ಚಮಚದಲ್ಲಿ ನೂಡಲ್ಸ್ ಎತ್ತಲು ನೋಡಿದರು, ಅದು ಜಾರಿತು. ಮತ್ತೆ ಎತ್ತಿದರು; ಮತ್ತೆ ಜಾರಿತು. “ಏಡಿ ಹಿಡಿಯೂದೇ ಸುಲಭ ಕಾಣ್ತದೆ” ಎಂದು ಬೆರಳಿನಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಒಂದು ಚಮಚ ತಿಳಿ. ನಾನು ಎದುರಿಗೇ ಕುಳಿತಿದ್ದೆ, ಆದ್ದರಿಂದ ಸರಿಯಾಗಿ ಹೇಳಬಲ್ಲೆ: ಆ ಚಮಚ ಬಾಯಿಗೆ ಹೋದ ಮೇಲೆ ಅವರು ತಕ್ಷಣ ನುಂಗಲಿಲ್ಲ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಕಣ್ಣು ಮುಚ್ಚಿತ್ತು. ನುಂಗಿದ ಮೇಲೆ ಇನ್ನೊಂದು ಚಮಚ ಬೇಗ ಹೋಯಿತು. ಮೂಗಿನ ಮೇಲೆ ಬೆವರು ಮೂಡಿತು. ಅವರು ಮಾತು ನಿಲ್ಲಿಸಿದ್ದರು. ಚಿಕ್ಕಮ್ಮ ಮಾತು ನಿಲ್ಲಿಸಿ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಟ್ಟಲು ಖಾಲಿಯಾದಾಗ ಅದನ್ನು ತಾವೇ ಮುಂದೆ ದೂಡಿ, “ಇನ್ನೊಂಚೂರು ಹಾಕು” ಎಂದರು. ಬಾಗಿಲಲ್ಲಿ ನಿಂತಿದ್ದ ಜಯಂತಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಮದುವೆಯಾದ ಮೇಲೆ ನನ್ನ ಯಾವ ಕೆಲಸಕ್ಕೂ ಆ ಹುಬ್ಬು ಹಾಗೆ ಹಾರಿದ್ದಿಲ್ಲ.

ಎರಡನೆಯ ಬಟ್ಟಲು ಅರ್ಧವಾಗಿರಬೇಕು. ಚಮಚಕ್ಕೆ ಒಂದು ಎಲೆ ಸಿಕ್ಕಿತು. ಚಿಕ್ಕಮ್ಮ ಅದನ್ನು ಬಟ್ಟಲಿನ ಅಂಚಿಗೆ ಎಳೆದು ನೋಡಿದರು. ಒಂದಕ್ಕೊಂದು ಅಂಟಿಸಿದಂಥ ಎಲೆ. ಅವರು ನೆಟ್ಟು, ನೀರು ಹಾಕಿ, ವರ್ಷ ವರ್ಷ ಕೊಯ್ಯಿಸಿದ ಮರದ್ದು. ಗುರುತು ಹಿಡಿಯಲು ಅವರಿಗೆ ಕಣ್ಣು ಬೇಕಿರಲಿಲ್ಲ. ಮೊದಲ ಚಮಚಕ್ಕೇ ಗುರುತು ಸಿಕ್ಕಿತ್ತೆಂದು ಈಗ ನನಗೆ ಅನಿಸುತ್ತದೆ. ಆದರೆ ಅನಿಸಿಕೆಯನ್ನು ಇಲ್ಲಿ ಸೇರಿಸಬಾರದು. ನಾನು ಕಂಡದ್ದು ಇಷ್ಟು: ಅವರು ಎಲೆಯನ್ನು ನೋಡಿದರು. ಎಲೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಚಮಚ ಇನ್ನೂ ಕೈಯಲ್ಲೇ ಇತ್ತು. ನಿಧಾನವಾಗಿ ಕೇಳಿದರು.

“ಮಾಣಿ, ಇದು ಹೆರಳೆ. ಅಲ್ದಾ?”

ಹೆರಳೆಕಾಯಿಯೂ ಕಂಚಿಯ ಜಾತಿಯದ್ದೇ. ಅದೂ ಹುಳಿ, ಇದೂ ಹುಳಿ. ದೂರದಿಂದ ನೋಡಿದರೆ ಮರವೂ ಒಂದೇ ಥರ. ಕೊಪ್ಪದ ಸಂತೆಯಲ್ಲಿ ಒಬ್ಬನು ಹೆರಳೆ ಎಂದು ಮಾರಿದ್ದನ್ನು ಪಕ್ಕದವನು ಕಂಚಿ ಎಂದು ಮಾರುತ್ತಾನೆ, ಇಬ್ಬರ ಬುಟ್ಟಿಯೂ ಖಾಲಿಯಾಗುತ್ತದೆ. ಆದರೆ ಚಿಕ್ಕಮ್ಮ ಗಯೆಯಲ್ಲಿ ಬಿಟ್ಟದ್ದು ಕಂಚಿ. ಹೆರಳೆಯನ್ನಲ್ಲ. ಇಷ್ಟು ಸಣ್ಣ ಸಂದಿಯಿತ್ತು ಅಲ್ಲಿ. ಅದನ್ನು ಅವರೇ ಹುಡುಕಿ, ಅವರೇ ತೆರೆದು, ನನ್ನ ಮುಂದೆ ಇಟ್ಟಿದ್ದರು. ನಾನು ಮಾಡಬೇಕಾಗಿದ್ದದ್ದು ತಲೆಯಾಡಿಸುವುದು ಮಾತ್ರ. ಆದರೆ ನನ್ನ ಕಿವಿಗೆ ಬಿದ್ದದ್ದು ಒಂದು ತಪ್ಪು ಪದ. ತಪ್ಪು ಪದ ಕಿವಿಗೆ ಬಿದ್ದರೆ ನನ್ನ ಬಾಯಿ ನನ್ನ ಅಪ್ಪಣೆ ಕೇಳುವುದಿಲ್ಲ.

“ಹೆರಳೆಯಲ್ಲ ಚಿಕ್ಕಮ್ಮ, ಕಂಚಿ” ಎಂದೆ. ಅಷ್ಟಕ್ಕೂ ನಿಲ್ಲಿಸಲಿಲ್ಲ. “ನಿಮ್ಮನೆ ಮರದ್ದೇ” ಎಂದೂ ಸೇರಿಸಿದೆ.

ಹೇಳಿ ಮುಗಿದ ಮೇಲೆ ನನಗೆ ಗಯೆ ನೆನಪಾಯಿತು. ಜಯಂತಿಯ ಕೈಯಲ್ಲಿದ್ದ ನೀರಿನ ಚೊಂಬು ಬಾಗಿಲ ಚೌಕಟ್ಟಿಗೆ ತಾಗಿದ ಸದ್ದು ಕೇಳಿತು. ಚಿಕ್ಕಮ್ಮ ಬೈಯಲಿಲ್ಲ, ಬೆಚ್ಚಲಿಲ್ಲ. “ಹೌದನಾ” ಎಂದರು. ಚಮಚವನ್ನು ಬಟ್ಟಲಿನೊಳಗೆ ಇಡದೆ ಪಕ್ಕದಲ್ಲಿ, ಮೇಜಿನ ಮೇಲೆ ಇಟ್ಟರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ನಾನು ಏನೇನೋ ಹೇಳಲು ಹೊರಟೆ. ಗೊತ್ತಾಗಲಿಲ್ಲ, ಮರೆತುಹೋಗಿತ್ತು, ಕ್ಷಮಿಸಬೇಕು ಎಂದೆಲ್ಲ. ಅವರು ಕೈ ಅಡ್ಡ ಹಿಡಿದು, “ಇರ್ಲಿ ಮಾರಾಯ. ನೀನು ಬೇಕಂತ ಮಾಡಿದ್ದಲ್ವಲ್ಲ” ಎಂದರು. ಆಮೇಲೆ ಬಟ್ಟಲಿನತ್ತ ಒಮ್ಮೆ ನೋಡಿ, “ಎಷ್ಟು ಚಂದ ಆಗಿತ್ತು” ಎಂದರು. ಆ ಮಧ್ಯಾಹ್ನ ಅವರು ಬೇರೇನನ್ನೂ ತಿನ್ನಲಿಲ್ಲ. ಮಗ ಬರುವ ತನಕ ಜಗುಲಿಯಲ್ಲಿ ಕುಳಿತು, ನಮ್ಮ ಮನೆಯ ಬೆಕ್ಕಿನ ಬಗ್ಗೆ ವಿಚಾರಿಸಿದರು.

ಅವರು ಹೋದ ಮೇಲೆ ಜಯಂತಿ ನನ್ನೆದುರು ಬಂದು ಕುಳಿತಳು. ಕೂಗಾಡಿದ್ದರೆ ಚೆನ್ನಾಗಿತ್ತು. “ಅವ್ರು ನಿಮಗೆ ಕೇಳಿದ್ದು ಪ್ರಶ್ನೆಯಾ?” ಎಂದಳು.

“ಮತ್ತೆಂತ? ಹೆರಳೆ ಅಲ್ದಾ ಅಂತ ಕೇಳಿದ್ರು.”

“ಕೇಳಿದ್ದಲ್ಲ. ಹೇಳಿದ್ದು. ಪ್ರಶ್ನೇನೂ ಅವ್ರೇ ಕೇಳಿ ಉತ್ತರಾನೂ ಅವ್ರೇ ಕೊಟ್ಟಿದ್ರು. ನಿಮ್ಮ ಕೆಲಸ ಇದ್ದದ್ದು ಹೂಂ ಅನ್ನೂದು. ಅದೂ ಆಗ್ಲಿಲ್ಲ ನಿಮ್ಮತ್ರ.”

“ನಿಜ ಹೇಳಿದ್ದು ತಪ್ಪಾ ಹಂಗಾರೆ?”

“ಅವ್ರಿಗೆ ಗೊತ್ತಿಲ್ಲದ್ದು ಎಂತ ಹೇಳಿದ್ರಿ ನೀವು? ಅವ್ರ ಮರ, ಅವ್ರ ಕಾಯಿ, ಅವ್ರ ನಾಲಗೆ.”

ಮನೆಯಲ್ಲಿ ಸೋತಾಗ ನಾನು ಶಾಸ್ತ್ರ ಕೇಳಲು ಹೋಗುತ್ತೇನೆ. ಶೃಂಗೇರಿಗೆ ಒಂದು ಉಪನಯನದ ಪತ್ರಿಕೆ ತಲುಪಿಸಲಿಕ್ಕಿತ್ತು; ಹಾಗೆಯೇ ನಮ್ಮ ಮನೆಯ ಕಾರ್ಯಗಳನ್ನೆಲ್ಲ ಮಾಡಿಸುವ ಭಟ್ಟರ ಮನೆಗೆ ಹೋದೆ. ಅವರು ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದರು. ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮಜ್ಜಿಗೆ ಹುಲ್ಲಿನ ವಿಷಯ ಬಂದಾಗಲೇ ಅವರು, “ಮುಖ್ಯ ವಿಷಯಕ್ಕೆ ಬಾ ಮಾರಾಯ, ಇವತ್ತು ನಂಗೆ ಇನ್ನೊಂದು ಕಡೆ ಹೋಗ್ಲಿಕ್ಕಿದೆ” ಎಂದರು. ಬಂದೆ. ಗಯೆಯಲ್ಲಿ ಬಿಟ್ಟದ್ದನ್ನು ಗೊತ್ತಿಲ್ಲದೆ ತಿಂದರೆ ದೋಷವೇ ಎಂದು ಕೇಳಿದೆ.

“ಗೊತ್ತಿಲ್ದೆ ತಿಂದ್ರೆ ದೋಷ ಎಂತದು? ಇಲ್ಲ.”

“ಅರ್ಧ ತಿಂದಾದ ಮೇಲೆ ಗೊತ್ತಾದ್ರೆ?”

“ಗೊತ್ತಾದ ಮೇಲೆ ಬಿಟ್ರಲ್ಲ. ಅವ್ರಿಗೇನೂ ಇಲ್ಲ.” ಭಟ್ಟರು ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡರು. “ಗೊತ್ತಾಗಿದ್ದು ಹೆಂಗೆ?”

“ನಾನೇ ಹೇಳಿದೆ.”

“ಹೇಳ್ದೆ ಇದ್ದಿದ್ರೆ?”

“ಇನ್ನೊಂದು ಬಟ್ಟಲು ಉಣ್ತಿದ್ರು.”

ಭಟ್ಟರು ಎದ್ದು ನಿಂತರು. “ಉಣ್ಣೋರನ್ನ ಎಬ್ಬಿಸಿದ್ದಕ್ಕೆ ಬೇರೆ ದೋಷ ಇದೆ” ಎಂದರು. “ಅದು ನಿಂದು.” ಪರಿಹಾರ ಕೇಳಿದೆ. “ಬಾಯಿಗೆ ಎಲೆ ಅಡಿಕೆ ಹಾಕ್ಕೋ. ತುಂಬಿಕೊಂಡಿದ್ರೆ ಮಾತು ಹೊರಗೆ ಬರೂದಿಲ್ಲ” ಎಂದು ಒಳಗೆ ಹೋದರು.

ಇಷ್ಟರಲ್ಲಿ ವೀಣಾ ಫೋನು ಮಾಡಿದಳು. ಕಿಗ್ಗಕ್ಕೆ ಹೋದ ಮೇಲೆ ಚಿಕ್ಕಮ್ಮ ಮತ್ತೆ ಮೊದಲಿನ ಹಾಗೇ ಆಗಿದ್ದರು. ಒಂದು ಇಡ್ಲಿಯನ್ನು ಬೆಳಗಿನಿಂದ ಮುರಿಯುತ್ತಾ ಕೂರುತ್ತಾರೆ ಎಂದಳು. “ಕೊಪ್ಪದಲ್ಲಿ ಸೂಪು ಉಂಡೆ, ಲಾಯ್ಕ್ ಆಗಿತ್ತು ಅಂದ್ರು ಭಾವ. ಅದೊಂದೇ ಮಾತು ಆಡಿದ್ದು. ಅದಕ್ಕೆ ನಾನೂ ನಿಂಬೆಹಣ್ಣು ಹಾಕಿ, ಶಾವಿಗೆ ಹಾಕಿ ಮಾಡ್ದೆ. ಎರಡು ಚಮಚ ಕುಡಿದು, ಹಂಗಲ್ಲ ಕೂಸೆ, ಅಂದ್ರು. ನೀವು ಅದಕ್ಕೆ ಎಂತ ಹಾಕಿದ್ದು?” ನಾನು ಬಾಯಿ ತೆರೆದೆ. ಜಯಂತಿ ಅಡುಗೆಮನೆಯಿಂದ ಬಂದ ವೇಗವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಫೋನು ಅವಳ ಕೈಯಲ್ಲಿತ್ತು. “ವೀಣಾ, ಅವ್ರಿಗೆ ನೆನಪಿಲ್ವಂತೆ” ಎಂದಳು. ಚಿಕ್ಕಮ್ಮ ಸೊಸೆಗೆ ಬೇರೇನೂ ಹೇಳಿರಲಿಲ್ಲ ಎಂಬುದು ಆಗ ತಿಳಿಯಿತು. ಅರ್ಧ ಬಟ್ಟಲಿಗೆ ಎದ್ದು ಹೋದದ್ದನ್ನು ಹೇಳಿಲ್ಲ, ಕಂಚಿ ಎಂದು ಹೇಳಿಲ್ಲ, ನನ್ನ ಮೇಲೆ ದೂರೂ ಹೇಳಿಲ್ಲ. ಲಾಯ್ಕ್ ಆಗಿತ್ತು ಎಂದಷ್ಟೇ ಹೇಳಿದ್ದರು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಕೆಲವು ದಿನ ಕಳೆದು ಚಿಕ್ಕಮ್ಮನೇ ಫೋನು ಮಾಡಿದರು. ಮತ್ತೆ ಡಾಕ್ಟರ ಹತ್ತಿರ ಬರುವುದಿದೆ ಎಂದರು. ಧ್ವನಿ ತೆಳ್ಳಗಾಗಿತ್ತು. “ಮಾಣಿ, ಅವತ್ತಿನ ಸೂಪು ಮಾಡ್ತೀಯಾ?” ಎಂದು ಕೇಳಿದರು. ಆಮೇಲೆ, “ಎಂತ ಹಾಕ್ತೀ ಅಂತ ನಾ ಕೇಳೂದಿಲ್ಲ. ನೀನೂ ಹೇಳ್ಬೇಡ” ಎಂದರು. ನಾನು ಆಗಲಿ ಎಂದೆ. ಜಯಂತಿಗೆ ಹೇಳಿದಾಗ ಅವಳ ಮುಖ ಅರಳಿತು. “ಅರ್ಥ ಆಯ್ತಲ್ಲ ನಿಮಗೆ?” ಎಂದಳು. “ಆಯ್ತು” ಎಂದೆ. ಆಗಿತ್ತು ಕೂಡ.

ಆದರೆ ಅರ್ಥ ಆಗುವುದೇ ಬೇರೆ, ಕಂಚಿಯನ್ನು ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಲ್ಲುವುದೇ ಬೇರೆ. ಚಿಕ್ಕಮ್ಮ ಬರುವ ದಿನ ಜಯಂತಿ ಕೊತ್ತಂಬರಿ ಸೊಪ್ಪು ತರಲು ಪೇಟೆಗೆ ಹೋಗಿದ್ದಳು. ನೀರು ಕುದಿಯುತ್ತಿತ್ತು. ಮೊದಲ ಸಲ ನಾನು ತಿಳಿಯದೆ ಹಾಕಿದ್ದೆ. ಈಗ ತಿಳಿದೂ ಹಾಕಬೇಕು. ಚಿಕ್ಕಪ್ಪನ ಮುಖ ಕಣ್ಣಿಗೆ ಬಂತು. ಇಷ್ಟು ವರ್ಷ ಭರಣಿಯನ್ನು ಮೂಸಿ ಮೂಸಿ ಅವರು ಉಳಿಸಿಕೊಂಡದ್ದನ್ನು ಕೆಡಿಸಲು ನಾನು ಯಾರು ಎಂದುಕೊಂಡೆ. ಅವರೇ ದಾರಿ ಬಿಟ್ಟಿದ್ದಾರಲ್ಲ ಎಂದೂ ಅನಿಸಿತು. ಜ್ವರ ಬಂದ ನಾಲಗೆ ಕೇಳಿದ್ದನ್ನು ಆಮೇಲೆ ಮನಸ್ಸು ಒಪ್ಪದಿದ್ದರೆ, ಎಂದೂ ಅನಿಸಿತು. ಹೀಗೆ ಅನಿಸುತ್ತ ಅನಿಸುತ್ತ ನೀರು ಕಾಲು ಭಾಗ ಇಂಗಿತು. ಕೊನೆಗೆ ನಾನು ಕಂಚಿಯನ್ನು ಚೀಲದಲ್ಲಿಟ್ಟು ಎರಡು ನಿಂಬೆಹಣ್ಣು ಹಿಂಡಿದೆ. ಎಲೆ ಹಾಕಲಿಲ್ಲ. ದೊಡ್ಡ ಪಾಪದಿಂದ ಎಲ್ಲರನ್ನೂ ಪಾರುಮಾಡಿದೆ ಎಂಬ ನೆಮ್ಮದಿ ನನಗೆ ಆಯಿತೆಂದು ನಾಚಿಕೆಯಿಂದ ಹೇಳಬೇಕಾಗಿದೆ.

ಚಿಕ್ಕಮ್ಮ ಬಂದರು. ಹೊಸ ಸೀರೆ ಉಟ್ಟಿದ್ದರು. ಯಾರೂ ಹೇಳುವ ಮೊದಲೇ ಹೋಗಿ ಮೇಜಿನ ಮುಂದೆ ಕುಳಿತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಉಣ್ಣಲು ಬಂದವರ ಹಾಗೆ ಕುಳಿತಿದ್ದರು. ನಾನು ಬಟ್ಟಲು ಇಟ್ಟೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಚಮಚ ಬಾಯಿಗೆ ಹೋಯಿತು. ಈ ಸಲ ತಕ್ಷಣ ನುಂಗಿದರು. ಚಮಚವನ್ನು ಬಟ್ಟಲಿನ ತಳಕ್ಕೆ ಇಳಿಸಿ, ನೂಡಲ್ಸನ್ನು ಒಂದು ಬದಿಗೆ ಸರಿಸಿ, ಏನನ್ನೋ ಹುಡುಕಿದರು. ಇನ್ನೊಂದು ಬದಿಗೆ ಸರಿಸಿ ಅಲ್ಲೂ ಹುಡುಕಿದರು. ಎಲೆ ಇರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲಗ್ನಪತ್ರಿಕೆಯಲ್ಲಿ ವರನ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದ್ದರೂ ನನ್ನನ್ನು ಯಾರೂ ಅಷ್ಟು ಕನಿಕರದಿಂದ ನೋಡುತ್ತಿರಲಿಲ್ಲ.

“ಪಾಪ, ಎಷ್ಟು ಒಳ್ಳೆಯವ ಮಾರಾಯ ನೀನು” ಎಂದರು. ಪೇಟೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಜಯಂತಿಯ ಕಡೆ ತಿರುಗಿದರು. “ಜಯಂತೀ, ಮುಂದಿನ ಸಲ ನೀನೇ ಮಾಡು ಕೂಸೆ.”

“ಆಯ್ತು ಚಿಕ್ಕಮ್ಮ” ಎಂದಳು ಜಯಂತಿ. ಹೇಗೆ ಮಾಡಬೇಕೆಂದು ಅವಳು ಅವರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.

ಈಗ ಚಿಕ್ಕಮ್ಮ ಕೊಪ್ಪಕ್ಕೆ ಆಗಾಗ ಬರುತ್ತಾರೆ. ಡಾಕ್ಟರು ಬೇಕಿಲ್ಲದಿದ್ದರೂ ಬರುತ್ತಾರೆ. ಬಳೆಗಳು ಕೈಯಲ್ಲಿ ನಿಲ್ಲುತ್ತಿವೆ ಎಂದು ವೀಣಾ ಹೇಳಿದಳು. ಎರಡು ಬಟ್ಟಲು ಉಣ್ಣುತ್ತಾರಂತೆ, ಉಣ್ಣುವಾಗ ಮಾತಾಡುವುದಿಲ್ಲವಂತೆ. ಅಂತೆ ಎಂದೇ ಹೇಳಬೇಕು. ಅವರು ಬರುವ ದಿನ ಬುತ್ತಿ ಕಟ್ಟಿ ನನ್ನನ್ನು ಬೆಳಿಗ್ಗೆಯೇ ಅಂಗಡಿಗೆ ಅಟ್ಟಲಾಗುತ್ತದೆ, ಆದ್ದರಿಂದ ನಾನು ಕಣ್ಣಾರೆ ನೋಡಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಅಡುಗೆಯನ್ನು ಅವರು ಉಣ್ಣುವುದನ್ನು ಮತ್ತೆ ನೋಡುವ ಭಾಗ್ಯ ನನಗಿಲ್ಲ. ಗಿರಾಕಿಯಿಲ್ಲದ ಅಂಗಡಿಯಲ್ಲಿ ಮೊಸರನ್ನದ ಡಬ್ಬಿ ತೆರೆದಿಟ್ಟುಕೊಂಡು, ಈಗ ಬಡಿಸಿರಬಹುದು, ಈಗ ಎರಡನೆಯ ಸಲ ಹಾಕಿರಬಹುದು ಎಂದುಕೊಳ್ಳುತ್ತೇನೆ. ಆ ಸೂಪಿಗೆ ಜಯಂತಿ ಯಾವ ಹುಳಿ ಹಿಂಡುತ್ತಾಳೆಂದು ನನಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ಹಾಗೆಂದೇ ಹೇಳುತ್ತೇನೆ. ಅದು ನಿಜ. ಅದು ನಿಜವಾಗಿಯೇ ಉಳಿಯಲಿ ಎಂದೇ ನಾನು ಮನೆಗೆ ಹೋಗದೆ ಇಲ್ಲಿ ಕೂತಿರುವುದು.